ಒಂದು ಗೇಣಿನ ಅಂತರ

ಬೆಂಗಳೂರಿನಿಂದ ಮೈಸೂರಿನತ್ತ ಹೊರಟವರಿಗೆ ಮದ್ದೂರಿಗೆ ಮುಂಚೆ, ಹೆದ್ದಾರಿಯ ಮಗ್ಗುಲಲ್ಲೇ ಸಿಗುವ ಊರು ಸೋಮನಹಳ್ಳಿ. (ಕನಕಪುರ ರಸ್ತೆಯಲ್ಲೂ ಒಂದು ಸೋಮನಹಳ್ಳಿ ಇದೆ. ಇದು ಅದಲ್ಲ, ಮಂಡ್ಯ ಜಿಲ್ಲೆಯದು.) 1932ರಲ್ಲಿ ಈ ಊರಿನಲ್ಲಿ ಹುಟ್ಟಿದ ಎಸ್. ಎಂ. ಕೃಷ್ಣ 1999ರಿಂದ 2004ರವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದರು. ಬೆಂಗಳೂರಿನ ಮೆಟ್ರೊಗೆ ದೆಹಲಿ ಮೆಟ್ರೊ ನಿಗಮದವರು ವಿವರವಾದ ಯೋಜನಾ ವರದಿ ಸಿದ್ಧಪಡಿಸಿದ್ದು ಅವರ ಆಡಳಿತದ ಕಾಲದಲ್ಲಿ, 2003ರಲ್ಲಿ. 2006ರಲ್ಲಿ ಶಂಕುಸ್ಥಾಪನೆಯಾಯಿತು, 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ. ಜಿ. ರಸ್ತೆಯವರೆಗೆ ಮೊದಲ ಗಾಡಿ ಓಡಿತು. ಅಲ್ಲಿಂದ ತುಂಡುತುಂಡಾಗಿ ಬೆಳೆದ ನೇರಳೆ ಮಾರ್ಗ 2023ರ ಅಕ್ಟೋಬರ್ 9ರಂದು ಮೈಸೂರು ರಸ್ತೆಯ ಚಲ್ಲಘಟ್ಟದವರೆಗೆ ಬಂದು, ಸೋಮನಹಳ್ಳಿಯ ದಿಕ್ಕಿಗೆ ಮುಖ ಮಾಡಿ ನಿಂತಿದೆ.

ಇತ್ತ ಸೋಮನಹಳ್ಳಿಯವರು ರೈಲು ಹತ್ತುವ ಮದ್ದೂರಿಗೆ ರೈಲು ಬಂದು 140 ವರ್ಷ ದಾಟಿದೆ. ಮೈಸೂರು ಸಂಸ್ಥಾನ ಹಾಕಿಸಿದ ಬೆಂಗಳೂರು–ಮೈಸೂರು ಮಾರ್ಗ ಪೂರ್ತಿಯಾದದ್ದು 1882ರಲ್ಲಿ. ಗಾಡಿ ನಿಂತಷ್ಟು ಹೊತ್ತಿನಲ್ಲಿ ಕಿಟಕಿಯಿಂದ ಕೈಚಾಚಿ ಕೊಳ್ಳುತ್ತಿದ್ದ ಒಂದು ವಡೆಗೆ ಈ ನಿಲ್ದಾಣದ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಊರನ್ನು ನೋಡದವರಿಗೂ ವಡೆ ಗೊತ್ತು. ಇಂದು ಈ ಮಾರ್ಗ ಜೋಡಿ ಹಳಿಯದು, ವಿದ್ಯುತ್ತಿನದು. ಮೆಮು ಗಾಡಿಗಳೂ ಓಡುತ್ತವೆ. ಕೆಂಗೇರಿ, ಜ್ಞಾನಭಾರತಿ, ನಾಯಂಡಹಳ್ಳಿಗಳಿಗೆ ಬರುವ ಹೊತ್ತಿಗೆ ರೈಲಿನ ಹಳಿಯೂ ಮೆಟ್ರೊ ಹಳಿಯೂ ಒಂದೇ ಪ್ರದೇಶದಲ್ಲಿ ಸಾಗುತ್ತವೆ. ಹೆಸರು ಒಂದೇ ಆದ ಎರಡೆರಡು ನಿಲ್ದಾಣಗಳು: ಒಂದು ರೈಲ್ವೆಯದು, ಒಂದು ಮೆಟ್ರೊದ್ದು.

ಮಕ್ಕಳಿಗೆ ತಟ್ಟನೆ ಹೊಳೆಯುವ, ದೊಡ್ಡವರು ಕೇಳಲು ಹಿಂಜರಿಯುವ ಪ್ರಶ್ನೆ ಇಲ್ಲೇ ಹುಟ್ಟುತ್ತದೆ. ಮದ್ದೂರಿನಲ್ಲಿ ಹತ್ತಿದ ಗಾಡಿಯೇ ಕೆಂಗೇರಿಯಲ್ಲಿ ರೈಲ್ವೆ ಹಳಿಯಿಂದ ಮೆಟ್ರೊ ಹಳಿಗೆ ದಾಟಿಕೊಂಡು ಎಂ. ಜಿ. ರಸ್ತೆಯವರೆಗೆ ಹೋಗಬಾರದೇಕೆ? ಬೆಂಗಳೂರಿನ ಕಾಲೇಜಿಗೆ ಸೇರಿದ ಮಗಳನ್ನು ಕಳುಹಿಸಿಕೊಡುವ ತಾಯಿಗೆ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಕಾಡುತ್ತದೆ: "ಎಲ್ಲೆಲ್ಲಿ ಹತ್ತಿ ಎಲ್ಲೆಲ್ಲಿ ಇಳೀಬೇಕು ಮಗಾ?" ಮನೆಯಿಂದ ಮದ್ದೂರಿಗೆ ಬಸ್ಸು ಅಥವಾ ಆಟೊ, ಅಲ್ಲಿಂದ ರೈಲು, ರೈಲಿನಿಂದ ಇಳಿದು ನಡಿಗೆ, ಮೆಟ್ರೊ, ಮತ್ತೆ ನಡಿಗೆ. ಕತ್ತಲಾದ ಮೇಲೆ ಇದೇ ಸರಣಿ ತಿರುಗುಮುರುಗು. ಮಗಳು ದಿನವೂ ಊರಿನಿಂದಲೇ ಓಡಾಡಬಹುದೋ, ಹಾಸ್ಟೆಲ್ಲಿಗೆ ಹಣ ಹೊಂದಿಸಬೇಕೋ ಎಂಬ ತೀರ್ಮಾನ ಎಷ್ಟೋ ಮನೆಗಳಲ್ಲಿ ಈ ಹತ್ತಿ ಇಳಿಯುವ ಲೆಕ್ಕದ ಮೇಲೆ ನಿಂತಿರುತ್ತದೆ.

ಹತ್ತಿ ಇಳಿಯುವ ಈ ಗೋಳನ್ನು ಒಂದೇ ಗಾಡಿಯಿಂದ ತಪ್ಪಿಸಿದ ಊರೊಂದಿದೆ. ಅದು ಜರ್ಮನಿಯ ಕಾರ್ಲ್ಸ್‌ರೂಹೆ. ಆ ಗಾಡಿಗೆ ಟ್ರಾಮ್-ಟ್ರೈನ್ ಎಂದು ಹೆಸರು.

ಟ್ರಾಮ್ ಎಂದರೆ ರಸ್ತೆಯ ಮೇಲೆ ಹೂತ ಹಳಿಗಳಲ್ಲಿ, ಬಸ್ಸು ಕಾರುಗಳ ಜೊತೆಜೊತೆಗೇ ಓಡುವ ಹಗುರ ಗಾಡಿ. ಭಾರತದಲ್ಲಿ ಅದನ್ನು ಕಾಣಬಯಸುವವರು ಕೋಲ್ಕತ್ತಕ್ಕೆ ಹೋಗಬೇಕು. ಕಾರ್ಲ್ಸ್‌ರೂಹೆಯಲ್ಲಿ ಊರೊಳಗೆ ಟ್ರಾಮ್ ಇತ್ತು, ಸುತ್ತಲಿನ ಪಟ್ಟಣಗಳಿಗೆ ರೈಲು ಇತ್ತು. ಆದರೆ ಮುಖ್ಯ ರೈಲು ನಿಲ್ದಾಣ ಪೇಟೆಯ ನಡುಭಾಗದಿಂದ ಸುಮಾರು 2 ಕಿ.ಮೀ. ದೂರ. ಬ್ರೆಟೆನ್ ಎಂಬ ಪಕ್ಕದ ಪಟ್ಟಣದಿಂದ ಬಂದವರು ರೈಲಿಳಿದು ಟ್ರಾಮಿಗೆ ಕಾಯಬೇಕಿತ್ತು. ಊರಿನ ಸಾರಿಗೆ ಸಂಸ್ಥೆಯ ಮುಖ್ಯಸ್ಥ ಡೀಟರ್ ಲುಡ್ವಿಗ್ ಮತ್ತು ಅವರ ಜೊತೆಗಾರರು ಟ್ರಾಮ್ ಗಾಡಿಯನ್ನೇ ತಿದ್ದಿ, ಅದು ರೈಲ್ವೆ ಹಳಿಯ ಮೇಲೂ ಓಡುವಂತೆ ಮಾಡಿದರು. 1992ರ ಸೆಪ್ಟೆಂಬರಿನಲ್ಲಿ ಬ್ರೆಟೆನ್‌ನಿಂದ ಹೊರಟ ಗಾಡಿ ಸರಕು ರೈಲುಗಳು ಓಡುವ ಹಳಿಯ ಮೇಲೆ ಬಂದು, ನಗರದ ಅಂಚಿನಲ್ಲಿ ಟ್ರಾಮ್ ಹಳಿಗೆ ದಾಟಿ, ಪೇಟೆ ಬೀದಿಯ ಅಂಗಡಿಗಳ ಮುಂದೆ ನಿಂತಿತು. ಆ ಮಾರ್ಗದ ದಿನದ ಪ್ರಯಾಣಿಕರ ಸಂಖ್ಯೆ ಸ್ವಲ್ಪ ಕಾಲದಲ್ಲೇ ಸುಮಾರು ನಾಲ್ಕು ಪಟ್ಟಾಯಿತು. ದಾರಿಯಲ್ಲಿ ಬಹುಪಾಲು ಹೊಸ ಹಳಿ ಹಾಕಿರಲಿಲ್ಲ. ಹೊಸದು ಎಂದರೆ ಗಾಡಿ, ಎರಡು ಜಾಲಗಳ ನಡುವಿನ ಒಂದು ಚಿಕ್ಕ ಕೊಂಡಿ, ಒಂದಷ್ಟು ಹೆಚ್ಚಿನ ನಿಲುಗಡೆಗಳು.

ಎಲ್ಲ ಊರಿನ ಸಾರಿಗೆ ಯೋಜಕರೂ ಕಾರ್ಲ್ಸ್‌ರೂಹೆಗೆ ಯಾತ್ರೆ ಹೊರಟದ್ದು ಆಮೇಲೆ. ಹೋದವರೆಲ್ಲ ಕಥೆಯ ಎರಡನೆಯ ಭಾಗವನ್ನೂ ಓದಿಕೊಂಡಿದ್ದರೆ ಚೆನ್ನಾಗಿತ್ತು. ಸುತ್ತಲ ಪಟ್ಟಣಗಳ ಗಾಡಿಗಳೆಲ್ಲ ಒಂದೇ ಪೇಟೆ ಬೀದಿಗೆ ನುಗ್ಗಿ, ಒಂದರ ಬಾಲಕ್ಕೆ ಒಂದು ಅಂಟಿ ನಿಲ್ಲತೊಡಗಿದವು. ಕೊನೆಗೆ ನಗರದವರು ಬೀದಿಯ ಕೆಳಗೆ ಸುರಂಗ ಕೊರೆಯಬೇಕಾಯಿತು. 2010ರಲ್ಲಿ ಶುರುವಾದ ಆ ಕೆಲಸ ಮುಗಿದು ಸುರಂಗದಲ್ಲಿ ಗಾಡಿ ಓಡಿದ್ದು 2021ರ ಡಿಸೆಂಬರಿನಲ್ಲಿ. ಅಗ್ಗವೆಂದು ಶುರುವಾದ ಉಪಾಯ ಗೆದ್ದ ಮೇಲೆ ದುಬಾರಿಯಾಯಿತು.

ಇನ್ನು ಮದ್ದೂರಿಗೆ ಬನ್ನಿ. ಕಾರ್ಲ್ಸ್‌ರೂಹೆಯಲ್ಲಿ ಆದದ್ದು ಇಲ್ಲಿ ಆಗದೆ ಇರುವುದಕ್ಕೆ ಮೊದಲ ಕಾರಣವನ್ನು ಅಳತೆಪಟ್ಟಿ ಹಿಡಿದು ತೋರಿಸಬಹುದು. ಎರಡು ಹಳಿಗಳ ಒಳ ಅಂಚುಗಳ ನಡುವಿನ ದೂರಕ್ಕೆ ಗೇಜ್ ಎನ್ನುತ್ತಾರೆ. ಕಾರ್ಲ್ಸ್‌ರೂಹೆಯ ಟ್ರಾಮಿಗೂ ಜರ್ಮನಿಯ ರೈಲ್ವೆಗೂ ಗೇಜ್ ಒಂದೇ, 1,435 ಮಿಲಿಮೀಟರ್. ಇದನ್ನು ಸ್ಟ್ಯಾಂಡರ್ಡ್ ಗೇಜ್ ಎನ್ನುವುದು ರೂಢಿ. ನಮ್ಮ ಮೆಟ್ರೊ ಹಾಕಿಕೊಂಡಿರುವುದೂ ಇದೇ ಅಳತೆ. ಆದರೆ ಮದ್ದೂರಿನ ಮೇಲೆ ಹಾದುಹೋಗುವುದು ಭಾರತೀಯ ರೈಲ್ವೆಯ ಬ್ರಾಡ್‌ಗೇಜ್, 1,676 ಮಿಲಿಮೀಟರ್. ಕಳೆದು ನೋಡಿ: 241 ಮಿಲಿಮೀಟರ್. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಕೈ ಅಗಲಿಸಿದರೆ ಎಷ್ಟೋ ಹೆಚ್ಚೂಕಡಿಮೆ ಅಷ್ಟು. ಒಂದು ಗೇಣು. ಆ ಒಂದು ಗೇಣು ಚಲ್ಲಘಟ್ಟಕ್ಕೂ ಮದ್ದೂರಿಗೂ ನಡುವಿನ ಹತ್ತಾರು ಕಿಲೋಮೀಟರಿಗಿಂತ ದೊಡ್ಡ ಅಡ್ಡಿ. ದೂರಕ್ಕೆ ಹಳಿ ಹಾಕಬಹುದು. ಹಾಕಿದ ಹಳಿಯ ಅಗಲವನ್ನು ಬದಲಿಸುವುದು ಬೇರೆಯೇ ಕೆಲಸ.

ಅದು ಎಂಥ ಕೆಲಸವೆಂದು ಈ ಮಾರ್ಗದ ಪಕ್ಕದ ಹಳ್ಳಿಗಳ ಹಿರಿಯರಿಗೆ ಗೊತ್ತು. 1882ರಲ್ಲಿ ಹಾಕಿದ್ದು ಮೀಟರ್‌ಗೇಜ್, ಹೆಸರೇ ಹೇಳುವಂತೆ ಹಳಿಗಳ ನಡುವೆ ಒಂದು ಮೀಟರ್. ನೂರು ವರ್ಷಕ್ಕೂ ಮಿಕ್ಕಿ ಅದೇ ಇತ್ತು. ಚೆನ್ನೈ ಕಡೆಯ ಬ್ರಾಡ್‌ಗೇಜ್ ಗಾಡಿ ಬೆಂಗಳೂರಿನಲ್ಲೇ ನಿಲ್ಲುತ್ತಿತ್ತು, ಮೈಸೂರಿಗೆ ಹೋಗುವವರು ಗಂಟುಮೂಟೆ ಸಮೇತ ಇಳಿದು ಚಿಕ್ಕ ಗಾಡಿ ಹತ್ತುತ್ತಿದ್ದರು. 1990ರ ದಶಕದಲ್ಲಿ ಮಾರ್ಗ ಬ್ರಾಡ್‌ಗೇಜ್ ಆಯಿತು. ಆಮೇಲೆ ಜೋಡಿ ಹಳಿ ಹಾಕುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಶಸ್ತ್ರಾಗಾರ ದಾರಿಗೆ ಅಡ್ಡ ಬಂತು. ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಕೆಡವದೆ, ಇಡಿಯಾಗಿ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ಆಚೆಗೆ ಸರಿಸಿದ್ದು 2017ರಲ್ಲಿ. ನಕಾಶೆಯಲ್ಲಿ ಒಂದು ಗೆರೆಯ ಪಕ್ಕ ಇನ್ನೊಂದು ಗೆರೆ ಎಳೆಯುವುದಕ್ಕೆ ಪೆನ್ಸಿಲ್ ಸಾಕು. ನೆಲದ ಮೇಲೆ ಅದೇ ಗೆರೆಗೆ ಇಷ್ಟೆಲ್ಲ ಬೇಕು.

ಹಾಗಾದರೆ ಮೆಟ್ರೊವನ್ನು ಮೊದಲೇ ಬ್ರಾಡ್‌ಗೇಜಿನಲ್ಲಿ ಹಾಕಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ದಡ್ಡತನದ್ದಲ್ಲ. 2002ರಲ್ಲಿ ಶುರುವಾದ ದೆಹಲಿ ಮೆಟ್ರೊದ ಮೊದಲ ಮಾರ್ಗಗಳು ಬ್ರಾಡ್‌ಗೇಜಿನವೇ. ಅಲ್ಲಿ ಮುಂದೆ ಬಂದ ಮಾರ್ಗಗಳಿಗೆ ಸ್ಟ್ಯಾಂಡರ್ಡ್ ಗೇಜ್ ಆರಿಸಿಕೊಂಡರು. ಸ್ಟ್ಯಾಂಡರ್ಡ್ ಗೇಜಿನ ಗಾಡಿ ನಗರದ ಬಿಗಿಯಾದ ತಿರುವುಗಳಿಗೆ ಹೆಚ್ಚು ಒಗ್ಗುತ್ತದೆ, ಪ್ರಪಂಚದ ಬಹುತೇಕ ಕಾರ್ಖಾನೆಗಳು ಆ ಅಳತೆಯಲ್ಲೇ ಮೆಟ್ರೊ ಬೋಗಿ ಕಟ್ಟುತ್ತವೆ ಎಂಬುದು ಅದರ ಪರವಾದ ವಾದ. ವಾದದಲ್ಲಿ ತಿರುಳಿದೆ. ಇನ್ನೊಂದು ಪಕ್ಷದವರು ಹೇಳುವ ರೈಲ್ವೆಯ ಜೊತೆ ಬೆಸೆಯುವ ಅವಕಾಶ ಮಾತ್ರ ಬರೀ ಗೇಜ್ ಒಂದಾದರೆ ದೊರೆಯುವಂಥದ್ದಲ್ಲ. ಕೋಲ್ಕತ್ತ ಮೆಟ್ರೊದ 1984ರ ಮೊದಲ ಮಾರ್ಗ ಬ್ರಾಡ್‌ಗೇಜಿನದೇ. ಆದರೂ ಹೌರಾದಿಂದಲೋ ಸಿಯಾಲ್ದಾದಿಂದಲೋ ಹೊರಟ ಲೋಕಲ್ ರೈಲು ಅದರೊಳಕ್ಕೆ ನುಗ್ಗಿ ಓಡುವುದಿಲ್ಲ.

ಕಾರಣ ವಿದ್ಯುತ್ತು. ಕೋಲ್ಕತ್ತದಲ್ಲೂ ಬೆಂಗಳೂರಿನಲ್ಲೂ ಮೆಟ್ರೊ ಗಾಡಿ ಹಳಿಯ ಪಕ್ಕದಲ್ಲಿ ನೆಲಮಟ್ಟದಲ್ಲೇ ಇರುವ ಮೂರನೆಯ ಕಂಬಿಯಿಂದ 750 ವೋಲ್ಟ್ ನೇರ ವಿದ್ಯುತ್ತನ್ನು ಪಡೆಯುತ್ತದೆ. ರೈಲ್ವೆಯದು ಮೇಲಿನ ತಂತಿ, 25,000 ವೋಲ್ಟ್ ಪರ್ಯಾಯ ವಿದ್ಯುತ್ತು. ಎರಡನ್ನೂ ಜೀರ್ಣಿಸಿಕೊಳ್ಳುವ ಗಾಡಿ ಕಟ್ಟಲು ಬರುತ್ತದೆ. ಕಾರ್ಲ್ಸ್‌ರೂಹೆಯ ಗಾಡಿ ಊರೊಳಗೆ 750 ವೋಲ್ಟ್, ಊರಾಚೆ 15,000 ವೋಲ್ಟ್ ತೆಗೆದುಕೊಳ್ಳುತ್ತದೆ. ಅದಕ್ಕಾಗಿ ಹೊತ್ತೊಯ್ಯಬೇಕಾದ ಟ್ರಾನ್ಸ್‌ಫಾರ್ಮರು ಭಾರ, ಬೆಲೆ ಎರಡನ್ನೂ ಏರಿಸುತ್ತದೆ.

ಅಗಲದ ಲೆಕ್ಕ ಇನ್ನೊಂದು. ರೈಲ್ವೆ ಬೋಗಿಯ ಅಗಲ ಸುಮಾರು ಮೂರೂಕಾಲು ಮೀಟರ್, ನಮ್ಮ ಮೆಟ್ರೊ ಬೋಗಿಯದು 2.88 ಮೀಟರ್. ರೈಲ್ವೆ ಪ್ಲಾಟ್‌ಫಾರಮ್ಮಿಗೆ ಮೆಟ್ರೊ ಬೋಗಿ ಬಂದು ನಿಂತರೆ ಒಂದೊಂದು ಪಕ್ಕಕ್ಕೆ ಹದಿನೆಂಟು ಸೆಂಟಿಮೀಟರಿನಷ್ಟು ಹೆಚ್ಚಿನ ಸಂದು ಉಳಿಯುತ್ತದೆ. ಮಗುವಿನ ಕಾಲು ಸಿಕ್ಕಿಕೊಳ್ಳಲು ಅಷ್ಟು ಸಾಕು. ರೈಲ್ವೆ ಬೋಗಿ ಮೆಟ್ರೊ ನಿಲ್ದಾಣಕ್ಕೆ ಹೋದರಂತೂ ಪ್ಲಾಟ್‌ಫಾರಮ್ಮಿನ ಅಂಚನ್ನೇ ಕೆತ್ತಿಕೊಂಡು ಹೋಗಬೇಕು.

ಗಾಲಿಯನ್ನೂ ಗಮನಿಸಬೇಕು. ರೈಲಿನ ಗಾಲಿಯ ಒಳಪಕ್ಕದಲ್ಲಿ ಹಳಿ ತಪ್ಪದಂತೆ ಹಿಡಿಯುವ ಏಣು ಇರುತ್ತದಲ್ಲ, ಟ್ರಾಮಿನದು ಅದಕ್ಕಿಂತ ಗಿಡ್ಡ, ತೆಳು. ಏಕೆಂದರೆ ಅದು ರಸ್ತೆಯಲ್ಲಿ ಹೂತ ಹಳಿಯ ಸಣ್ಣ ಕಾಲುವೆಯಲ್ಲಿ ಹಿಡಿಸಬೇಕು. ಗಿಡ್ಡ ಏಣಿನ ಗಾಲಿ ರೈಲ್ವೆಯ ಪಾಯಿಂಟ್‌ಗಳನ್ನು, ಅಂದರೆ ಹಳಿ ಕವಲೊಡೆಯುವ ಜಾಗಗಳನ್ನು, ದಾಟುವಾಗ ದಾರಿ ತಪ್ಪುವ ಅಪಾಯವಿದೆ. ಹಾಗಾಗಿ ಎರಡಕ್ಕೂ ಹೊಂದುವ ನಡುವಿನ ಆಕಾರವೊಂದನ್ನು ಕೊರೆಯಬೇಕು. ಕೊನೆಯದಾಗಿ ಗಟ್ಟಿತನ. ಹಗುರವಾದ ಟ್ರಾಮು ಸಾವಿರಾರು ಟನ್ನಿನ ಸರಕು ರೈಲಿಗೆ ಗುದ್ದಿದರೆ ಉಳಿಯುವುದಿಲ್ಲ. ಗುದ್ದಿದರೂ ತಡೆದುಕೊಳ್ಳುವಂತೆ ಕಟ್ಟುವ ಬದಲು, ಗುದ್ದುವ ಪ್ರಸಂಗವೇ ಬಾರದಂತೆ ಸಿಗ್ನಲ್ಲು, ತಾನಾಗಿ ಹಿಡಿಯುವ ಬ್ರೇಕುಗಳನ್ನು ಭದ್ರಪಡಿಸುವುದು ಟ್ರಾಮ್-ಟ್ರೈನಿನ ಮೂಲ ಪಾಠ.

ಬ್ರಾಡ್‌ಗೇಜಿನ ದೇಶದಲ್ಲಿ ಟ್ರಾಮ್-ಟ್ರೈನ್ ಸಾಧ್ಯವೇ ಇಲ್ಲವೆಂದಲ್ಲ. ಸ್ಪೇನಿನ ಹಳೆಯ ರೈಲ್ವೆಯ ಗೇಜ್ 1,668 ಮಿಲಿಮೀಟರ್, ಭಾರತದ್ದಕ್ಕಿಂತ ಎಂಟೇ ಮಿಲಿಮೀಟರ್ ಕಡಿಮೆ. ಅಲ್ಲಿನ ಕಾಡಿಸ್ ಕೊಲ್ಲಿಯ ಊರುಗಳಲ್ಲಿ ಬೀದಿಯ ಮೇಲಿನ ಹಳಿಯನ್ನೂ ಅದೇ ಅಗಲಕ್ಕೆ ಹಾಕಿ, ಚಿಕ್ಲಾನಾ ಎಂಬ ಪಟ್ಟಣದ ಬೀದಿಯಿಂದ ಹೊರಟ ಗಾಡಿಯನ್ನು ರೈಲ್ವೆ ಹಳಿಗೆ ಹತ್ತಿಸಿ ಕಾಡಿಸ್ ನಗರಕ್ಕೆ ಒಯ್ಯುತ್ತಾರೆ. ಗಾಡಿ ಓಡಿದ್ದು 2022ರ ಅಕ್ಟೋಬರಿನಲ್ಲಿ, ಕೆಲಸ ಕೈಗೆತ್ತಿಕೊಂಡು ಹದಿನೈದು ವರ್ಷಕ್ಕೂ ಹೆಚ್ಚು ಕಳೆದ ಮೇಲೆ. ಗೇಜ್ ಅಡ್ಡಿಯಾಗಲಿಲ್ಲ, ಏಕೆಂದರೆ ಮೊದಲ ಹಳಿ ಹಾಕುವ ಮುನ್ನವೇ ಅದನ್ನು ಯೋಚಿಸಿದ್ದರು.

ಈಗ ಗುಡ್ಡದ ಮಾತು. ಟ್ರಾಮಿನ ದೊಡ್ಡ ಗುಣವೆಂದರೆ ಏರು ಹತ್ತುವುದು. ಇಂಗ್ಲೆಂಡಿನ ಷೆಫೀಲ್ಡ್ ಏಳು ಗುಡ್ಡಗಳ ಊರೆಂದು ಹೆಸರಾದದ್ದು. 1994ರಲ್ಲಿ ಶುರುವಾದ ಅಲ್ಲಿನ ಟ್ರಾಮ್ ಕೆಲವು ಕಡೆ 10 ಮೀಟರ್ ಮುಂದೆ ಹೋಗುವಷ್ಟರಲ್ಲಿ 1 ಮೀಟರ್ ಮೇಲೇರುತ್ತದೆ. ಹೋಲಿಕೆಗೆ ನೋಡಿ: ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲು ಹತ್ತುವ ಏರು 50ಕ್ಕೆ 1. ಅದಕ್ಕೇ ಹಿಂದೆ ಮುಂದೆ ಹೆಚ್ಚುವರಿ ಎಂಜಿನ್ ಕಟ್ಟಿ ಏದುಸಿರು ಬಿಡುತ್ತಾರೆ. ನೀಲಗಿರಿಯ ಪುಟ್ಟ ರೈಲಿನ ಕಡಿದಾದ ಏರು ಸುಮಾರು 12ಕ್ಕೆ 1, ಅಲ್ಲಿ ಹಳಿಗಳ ನಡುವೆ ಹಲ್ಲುಪಟ್ಟಿ ಇಟ್ಟು ಹಲ್ಲಿನ ಚಕ್ರದಿಂದ ಹಿಡಿದು ಹತ್ತಬೇಕು. ಷೆಫೀಲ್ಡಿನ ಟ್ರಾಮ್ ಹಲ್ಲೂ ಇಲ್ಲದೆ, ನುಣುಪು ಗಾಲಿಯಲ್ಲೇ 10ಕ್ಕೆ 1 ಹತ್ತುತ್ತದೆ.

ಇದರ ಗುಟ್ಟು ಹೈಸ್ಕೂಲಿನ ಭೌತಶಾಸ್ತ್ರದೊಳಗೇ ಇದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಸಿಗುವ ಹಿಡಿತ ಬಲು ಕಡಿಮೆ. ಒಣಗಿದ ಹಳಿಯಲ್ಲಿ, ಗಾಲಿಯ ಮೇಲೆ ಬೀಳುವ ಭಾರದ ನಾಲ್ಕನೇ ಒಂದು ಪಾಲಿನಷ್ಟು ತಳ್ಳುವ ಬಲ ಸಿಕ್ಕರೆ ಪುಣ್ಯ. ಮಳೆ ಬಿದ್ದರೆ ಅದರ ಅರ್ಧ. 10ಕ್ಕೆ 1ರ ಏರಿಗೆ ಇಡೀ ಗಾಡಿಯ ಭಾರದ ಹತ್ತನೇ ಒಂದು ಪಾಲು ಬಲ ಬೇಕು. ಎಲ್ಲ ಗಾಲಿಗಳಿಗೂ ಮೋಟರು ಇದ್ದರೆ ಇಡೀ ಭಾರವೂ ಹಿಡಿತಕ್ಕೆ ಒದಗುತ್ತದೆ, 0.1 ಹಿಡಿತ ಸಾಕು. ಅರ್ಧ ಗಾಲಿಗಳಿಗೆ ಮಾತ್ರ ಮೋಟರಿದ್ದರೆ 0.2 ಬೇಕು. ಕಾಲು ಭಾಗಕ್ಕೆ ಮಾತ್ರ ಇದ್ದರೆ 0.4, ಅದು ಒಣ ಹಳಿಯಲ್ಲೂ ಸಿಗದು, ಗಾಲಿ ನಿಂತಲ್ಲೇ ಗಿರ್ರನೆ ಸುತ್ತುತ್ತದೆ. ಅದಕ್ಕೇ ಗುಡ್ಡದೂರಿನ ಟ್ರಾಮುಗಳಲ್ಲಿ ಬಹುತೇಕ ಗಾಲಿಗಳಿಗೂ ಮೋಟರು ಕೊಟ್ಟಿರುತ್ತಾರೆ. ಜಾರಿದಾಗ ಗಾಲಿಯ ಮುಂದೆ ಮರಳು ಉದುರಿಸುವ ಡಬ್ಬಿ ಬೇರೆ. ನಾಲ್ಕು ಬೋಗಿಗೆ ಒಂದು ಮೋಟರು ಬೋಗಿ ಇರುವ ಸಾಮಾನ್ಯ ಮೆಮು ಷೆಫೀಲ್ಡಿನ ಆ ಬೀದಿಯನ್ನು ಹತ್ತಲಾರದು.

ಮದ್ದೂರಿನಿಂದ ಬೆಂಗಳೂರಿಗೂ ಏರೇ. ಮದ್ದೂರು ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 900ರ ಮೇಲೆ. ಆದರೆ ಈ 250 ಮೀಟರ್ ಆಸುಪಾಸಿನ ಏರನ್ನು ರೈಲು ಹತ್ತುವುದು ಸುಮಾರು 75 ಕಿ.ಮೀ. ದೂರದಲ್ಲಿ. ಸರಾಸರಿ 300ಕ್ಕೆ 1. ಕೂತವರಿಗೆ ಗೊತ್ತೂ ಆಗುವುದಿಲ್ಲ. ಹಳೆಯ ಕಾಲದ ಎಂಜಿನಿಯರುಗಳು ದಿಬ್ಬ ಬಿಟ್ಟು ಕಣಿವೆ ಹಿಡಿದರು. ಬೆಂಗಳೂರು ಹತ್ತಿರವಾದಂತೆ ಹಳಿ ವೃಷಭಾವತಿಯ ಕಣಿವೆಯಲ್ಲೇ ಮೇಲೇರುತ್ತದೆ. ಮೈಸೂರು ರಸ್ತೆಯೂ ಅಲ್ಲೇ, ಮೆಟ್ರೊ ಕಂಬಗಳೂ ಅಲ್ಲೇ. ಬೆಂಗಳೂರು ಹೊರಗಿನವರಿಗೆ ಸಮತಟ್ಟಾಗಿ ಕಂಡರೂ ದಿಬ್ಬ, ಕಣಿವೆಗಳ ಊರು. ಹಳೆಯ ಕೆರೆಗಳೆಲ್ಲ ಕಣಿವೆಗಳಲ್ಲಿ, ಪೇಟೆ ಬಡಾವಣೆಗಳು ದಿಬ್ಬಗಳ ಮೇಲೆ. ರೈಲು ಕಣಿವೆಯನ್ನು ಹಿಡಿದದ್ದರಿಂದ ನಿಲ್ದಾಣಗಳು ಜನ ಇರುವಲ್ಲಿಗೆ ಬರಲಿಲ್ಲ; ಜನ ನಿಲ್ದಾಣಕ್ಕೆ ಇಳಿದು ಬರಬೇಕು. ಟ್ರಾಮಿನ ಏರು ಹತ್ತುವ ಶಕ್ತಿಗೆ ಇಂಥ ಊರಿನಲ್ಲಿ ಬೆಲೆ ಬರುವುದು ಇದೇ ಕಾರಣಕ್ಕೆ.

ಷೆಫೀಲ್ಡಿನವರು ಈ ಶಕ್ತಿಯನ್ನು ನೆಚ್ಚಿ ಬ್ರಿಟನ್ನಿನ ಮೊದಲ ಟ್ರಾಮ್-ಟ್ರೈನ್ ಪ್ರಯೋಗಕ್ಕೆ ಕೈಹಾಕಿದರು. ಪಕ್ಕದ ರಾಥರಮ್ ಪಟ್ಟಣಕ್ಕೆ ಇದ್ದ ರೈಲ್ವೆ ಹಳಿಗೆ ಟ್ರಾಮನ್ನು ಹತ್ತಿಸುವುದು, ಅಷ್ಟೇ. ಗೇಜ್ ಎರಡಕ್ಕೂ ಒಂದೇ, ದಾರಿ ಕೆಲವೇ ಕಿಲೋಮೀಟರ್. 2012ರಲ್ಲಿ ಹಳಿ, ತಂತಿಯ ಕೆಲಸಕ್ಕೆ ಹಾಕಿದ್ದ ಅಂದಾಜು 1 ಕೋಟಿ 87 ಲಕ್ಷ ಪೌಂಡ್. ಅದು ಬೆಳೆದು 7 ಕೋಟಿ 51 ಲಕ್ಷಕ್ಕೆ ಮುಟ್ಟಿತೆಂದು ಆ ದೇಶದ ಲೆಕ್ಕಪರಿಶೋಧಕರು 2017ರಲ್ಲಿ ವರದಿ ಕೊಟ್ಟರು. ಹಳೆಯ ಮಾರ್ಗಕ್ಕೆ ತಂತಿ ಎಳೆಯುವ ಕೆಲಸದ ವ್ಯಾಪ್ತಿಯೇ ಮೊದಲ ಅಂದಾಜಿನಲ್ಲಿ ಸರಿಯಾಗಿ ಎಣಿಕೆಗೆ ಬಂದಿರಲಿಲ್ಲ. ಗಾಡಿ ಓಡಿದ್ದು ಸುಮಾರು ಮೂರು ವರ್ಷ ತಡವಾಗಿ, 2018ರ ಅಕ್ಟೋಬರ್ 25ರಂದು. ಅದೇ ದಿನ ರಸ್ತೆ ದಾಟುವಲ್ಲಿ ಲಾರಿಯೊಂದಕ್ಕೆ ಡಿಕ್ಕಿಯೂ ಆಯಿತು! ಆದರೂ ಜನ ಹತ್ತಿದರು, ಸೇವೆ ಉಳಿಯಿತು. ಅಗ್ಗದ ಪ್ರಯೋಗವೆಂಬ ಮಾತು ಮಾತ್ರ ಉಳಿಯಲಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಮದ್ದೂರಿನ ಗಾಡಿಯನ್ನು ಮೆಟ್ರೊ ಹಳಿಗೆ ಹತ್ತಿಸುವ ಆಸೆಯನ್ನು ಬಿಡುವುದೇ ಮೇಲು. ಆದರೆ ಒಂದೇ ಗಾಡಿಯಲ್ಲಿ ಬೆಂಗಳೂರಿನ ಇನ್ನೊಂದು ತುದಿಗೆ ಹೋಗುವ ಆಸೆಯನ್ನು ಬಿಡಬೇಕಿಲ್ಲ. ಅದಕ್ಕೆ ಇನ್ನೊಂದು ಬಾಗಿಲಿದೆ. 2022ರ ಜೂನ್ 20ರಂದು ಶಂಕುಸ್ಥಾಪನೆಯಾದ ಬೆಂಗಳೂರು ಉಪನಗರ ರೈಲು ಯೋಜನೆಯಲ್ಲಿ ನಾಲ್ಕು ಮಾರ್ಗ, ಒಟ್ಟು 148 ಕಿ.ಮೀ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರುಗಳು. ಇವುಗಳಲ್ಲಿ ಪಾರಿಜಾತ ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಎಂದು ಯೋಜಿತವಾದದ್ದು, ಸುಮಾರು 35 ಕಿ.ಮೀ. ಇದರ ಹಳಿ ಬ್ರಾಡ್‌ಗೇಜ್. ವಿದ್ಯುತ್ತು ಮೇಲಿನ ತಂತಿಯಿಂದ ಬರುವ ಅದೇ 25,000 ವೋಲ್ಟ್. ಅಂದರೆ ಆ ಒಂದು ಗೇಣಿನ ಅಡ್ಡಿ ಇಲ್ಲಿ ಇಲ್ಲ. ಕೆಂಗೇರಿಯಲ್ಲಿ ಎರಡೂ ಹಳಿಗಳ ನಡುವೆ ಒಂದು ಕೊಂಡಿ, ಎರಡೂ ಕಡೆಯ ಸಿಗ್ನಲ್ಲುಗಳಿಗೆ ಹೊಂದುವ ಗಾಡಿ, ಎರಡೂ ಕಡೆಯ ಪ್ಲಾಟ್‌ಫಾರಮ್ಮಿಗೆ ಸರಿಹೋಗುವ ಬಾಗಿಲು ಎಂಬ ಮೂರನ್ನು ನಕಾಶೆಯ ಹಂತದಲ್ಲೇ ಸೇರಿಸಿದರೆ ಮದ್ದೂರಿನಿಂದ ವೈಟ್‌ಫೀಲ್ಡಿಗೆ ಇಳಿಯದೆ ಹೋಗುವುದು ತಾಂತ್ರಿಕವಾಗಿ ಅಸಾಧ್ಯವಲ್ಲ. ಕಟ್ಟಿದ ಮೇಲೆ ಸೇರಿಸುತ್ತೇವೆಂದರೆ ಷೆಫೀಲ್ಡಿನ ಲೆಕ್ಕ.

ಹಾಗಂತ ತೊಡಕು ಇಲ್ಲವೇ? ಇದೆ, ಮತ್ತು ಅದು ಮದ್ದೂರು–ಕೆಂಗೇರಿ ನಡುವೆ ಇದೆ. ಊರೂರಿಗೆ ನಿಲ್ಲುವ ಗಾಡಿಯೂ ಎಲ್ಲೂ ನಿಲ್ಲದ ಗಾಡಿಯೂ ಒಂದೇ ಹಳಿಯಲ್ಲಿ ಓಡಬೇಕು. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: 75 ಕಿ.ಮೀ. ದೂರವನ್ನು ವೇಗದ ಗಾಡಿ ಗಂಟೆಗೆ 100 ಕಿ.ಮೀ. ಸರಾಸರಿಯಲ್ಲಿ 45 ನಿಮಿಷಕ್ಕೆ ಮುಗಿಸುತ್ತದೆ. ನಿಂತು ನಿಂತು ಹೋಗುವ ಗಾಡಿ ಗಂಟೆಗೆ 50 ಕಿ.ಮೀ. ಸರಾಸರಿಯಲ್ಲಿ 90 ನಿಮಿಷ ತೆಗೆದುಕೊಳ್ಳುತ್ತದೆ. ನಿಧಾನದ ಗಾಡಿ ಹೊರಟ 45 ನಿಮಿಷದೊಳಗೆ ವೇಗದ ಗಾಡಿ ಹೊರಟರೆ ದಾರಿಯಲ್ಲೆಲ್ಲೋ ಬೆನ್ನಿಗೆ ಬರುತ್ತದೆ. ಆಗ ನಿಧಾನದ್ದನ್ನು ಪಕ್ಕದ ಲೂಪ್ ಹಳಿಗೆ ಸರಿಸಿ ಕಾಯಿಸಬೇಕು. ಪ್ರಯಾಣಿಕರು "ಕ್ರಾಸಿಂಗಿಗೆ ಹಾಕವ್ರೆ" ಎಂದು ಗೊಣಗುವುದು ಇದನ್ನೇ. ಜೋಡಿ ಹಳಿ ಬಂದ ಮೇಲೆ ಎದುರು ಬರುವ ಗಾಡಿಯ ಕಾಟ ತಪ್ಪಿತು, ಹಿಂದಿನಿಂದ ಬರುವ ಗಾಡಿಯದು ತಪ್ಪಲಿಲ್ಲ. 2022ರ ನವೆಂಬರಿನಲ್ಲಿ ಚೆನ್ನೈ–ಮೈಸೂರು ವಂದೇ ಭಾರತ್ ಶುರುವಾದಾಗ ದಕ್ಷಿಣದ ಮೊದಲ ವಂದೇ ಭಾರತ್ ಎಂಬ ಹೆಮ್ಮೆ ಸಲ್ಲಬೇಕಾದ್ದೇ. ಮದ್ದೂರಿನಲ್ಲಿ ಅದು ನಿಲ್ಲುವುದಿಲ್ಲ, ನಿಲ್ಲುವ ಗಾಡಿಗೆ ಅದು ದಾರಿ ಕೇಳುತ್ತದೆ. ನಿಲುಗಡೆ ಬಿಟ್ಟೊಡನೆ ಬೇಗ ವೇಗ ಹಿಡಿಯುವ ಗಾಡಿಯಾದರೆ ಈ 45 ನಿಮಿಷದ ಅಂತರವನ್ನು ಒಂದಷ್ಟು ಇಳಿಸಬಹುದು. ಟ್ರಾಮ್-ಟ್ರೈನ್ ಜಾತಿಯ ಗಾಡಿಗಳಿಂದ ಕಲಿಯಬೇಕಾದ ಮುಖ್ಯ ಗುಣ ಇಲ್ಲಿ ಇದೇ: ಹೆಚ್ಚು ಗಾಲಿಗಳಿಗೆ ಮೋಟರು, ಅಗಲ ಬಾಗಿಲು, ಕಡಿಮೆ ಹೊತ್ತು ನಿಲುಗಡೆ.

ಅದೆಲ್ಲ ಆಗುವವರೆಗೆ ಉಳಿಯುವುದು ಇಳಿದು ಹತ್ತುವುದೇ. ಅದನ್ನು ಸಲೀಸು ಮಾಡುವ ಕೆಲಸಕ್ಕೆ ಜರ್ಮನಿಯವರೆಗೆ ಹೋಗಬೇಕಿಲ್ಲ, ಕೋಟಿಗಳೂ ಬೇಕಿಲ್ಲ. ಸಾರಿಗೆ ಯೋಜಕರ ಲೆಕ್ಕದಲ್ಲಿ ಒಂದು ಹಳೆಯ ರೂಢಿಯಿದೆ. ಗಾಡಿಯೊಳಗೆ ಕೂತ ಒಂದು ನಿಮಿಷಕ್ಕೆ ಒಂದು ನಿಮಿಷವೆಂದರೆ, ನಡೆದ ಅಥವಾ ಕಾದ ಒಂದು ನಿಮಿಷವನ್ನು ಸುಮಾರು ಎರಡೆಂದು ಎಣಿಸುತ್ತಾರೆ. ಪ್ರಯಾಣಿಕರ ಮನಸ್ಸಿಗೆ ಅದು ಹಾಗೇ ತೋರುತ್ತದೆ. ನಾಯಂಡಹಳ್ಳಿಯಲ್ಲೋ ಕೆಂಗೇರಿಯಲ್ಲೋ ರೈಲಿಳಿದು ಮೆಟ್ರೊಗೆ 10 ನಿಮಿಷ ನಡೆದು 5 ನಿಮಿಷ ಕಾದರೆ, ಗಡಿಯಾರದಲ್ಲಿ 15 ನಿಮಿಷ, ಮನಸ್ಸಿನಲ್ಲಿ 30. ಮಳೆಯಲ್ಲಿ, ಟ್ರಾಫಿಕ್ಕಿನ ನಡುವೆ ರಸ್ತೆ ದಾಟಬೇಕಾದರೆ ಇನ್ನೂ ಹೆಚ್ಚು. ಅದೇ ಒಂದು ನೆರಳಿನ ಮೇಲ್ಸೇತುವೆ, ಒಂದು ದೀಪದ ಸಾಲು, ಎರಡೂ ಕಡೆಗೆ ನಡೆಯುವ ಒಂದೇ ಟಿಕೆಟ್ಟು, ರೈಲು ಬಂದ ಹೊತ್ತಿಗೆ ತಾಳೆಯಾಗುವ ಬಸ್ಸು ಇದ್ದರೆ ಟ್ರಾಮ್-ಟ್ರೈನಿನ ಲಾಭದ ದೊಡ್ಡ ಪಾಲು ಗೇಜ್ ಬದಲಿಸದೆಯೇ ಸಿಗುತ್ತದೆ. ಹೊಸ ಮಾರ್ಗದ ಶಂಕುಸ್ಥಾಪನೆಗೆ ಸೇರುವ ಜನ ಒಂದು ಮೇಲ್ಸೇತುವೆಗೆ ಸೇರುವುದಿಲ್ಲ, ಅದಕ್ಕೇ ಅದು ಹಿಂದೆ ಬೀಳುತ್ತದೆ.

ಪಿಯುಸಿ ಮುಗಿಸಿ ಮುಂದೇನೆಂದು ನೋಡುತ್ತಿರುವವರಿಗೆ, ಅವರ ತಂದೆತಾಯಿಯರಿಗೆ ಒಂದು ಮಾತು. ರೈಲು ಮಾರ್ಗದ ಯೋಜನೆಯೆಂದರೆ ಸಿವಿಲ್ ಎಂಜಿನಿಯರಿಂಗ್ ಒಂದೇ ಎಂದು ತಿಳಿದವರು ಬಹಳ. ಗಾಲಿ ಮೆಕ್ಯಾನಿಕಲ್ಲಿನದು, ತಂತಿ ಎಲೆಕ್ಟ್ರಿಕಲ್ಲಿನದು, ಸಿಗ್ನಲ್ಲು ಎಲೆಕ್ಟ್ರಾನಿಕ್ಸಿನದು. ವೇಳಾಪಟ್ಟಿಯಂತೂ ಶುದ್ಧ ಗಣಿತ. ಯಾರು ಯಾವಾಗ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಅರಿಯಲು ಭೂಗೋಳ, ಅರ್ಥಶಾಸ್ತ್ರ ಓದಿದವರೂ ಬೇಕು. ಮಂಡ್ಯದಲ್ಲೇ 1962ರಿಂದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಗರ ಸಾರಿಗೆಯ ಅಧ್ಯಯನಕ್ಕೆಂದೇ 2009ರಲ್ಲಿ ಸಿಸ್ಟಪ್ ಎಂಬ ಕೇಂದ್ರ ಹುಟ್ಟಿಕೊಂಡಿದೆ.

ಸೀಟು ಸಿಗುವ ಮೊದಲೇ ಶುರು ಮಾಡಬಹುದಾದ ಕೆಲಸವೂ ಇದೆ. ನಿತ್ಯ ಓಡಾಡುವ ವಿದ್ಯಾರ್ಥಿ ಒಂದು ನೋಟ್ ಪುಸ್ತಕದಲ್ಲಿ ನಾಲ್ಕು ಕಂಬ ಎಳೆದುಕೊಳ್ಳಲಿ: ನಡೆದದ್ದು, ಕಾದದ್ದು, ಕೂತದ್ದು, ನಿಂತುಕೊಂಡೇ ಹೋದದ್ದು. ಮನೆಯ ಬಾಗಿಲಿನಿಂದ ತರಗತಿಯ ಬೆಂಚಿನವರೆಗೆ ಪ್ರತಿಯೊಂದಕ್ಕೂ ಎಷ್ಟು ನಿಮಿಷವೆಂದು ಒಂದು ತಿಂಗಳು ಬರೆಯಲಿ, ನಡೆದದ್ದನ್ನೂ ಕಾದದ್ದನ್ನೂ ಎರಡರಿಂದ ಗುಣಿಸಲಿ. ಮದ್ದೂರಿನಿಂದ ಒಂದೇ ಗಾಡಿಯಲ್ಲಿ ಹೋಗುವ ಹತ್ತು ಮಂದಿ ಗೆಳೆಯರು ಹೀಗೆ ಬರೆದರೆ, ಯಾವ ನಿಲ್ದಾಣದಲ್ಲಿ ಮೇಲ್ಸೇತುವೆ ಬೇಕು, ಬೆಳಗಿನ ಯಾವ ಬಸ್ಸು ಹತ್ತು ನಿಮಿಷ ಮುಂಚೆ ಹೊರಡಬೇಕು ಎಂಬುದು ಅಂಕಿಗಳಲ್ಲೇ ಕಾಣುತ್ತದೆ. ಅಂಥ ಒಂದು ಹಾಳೆಯನ್ನು ಲಗತ್ತಿಸಿ ಬಸ್ ಡಿಪೊಗೋ ರೈಲ್ವೆಯ ವಿಭಾಗೀಯ ಕಚೇರಿಗೋ ಬರೆದ ಅರ್ಜಿಯನ್ನು ಪಕ್ಕಕ್ಕಿಡುವುದು ಬರೀ ಬೇಡಿಕೆಯ ಅರ್ಜಿಯನ್ನು ಪಕ್ಕಕ್ಕಿಡುವಷ್ಟು ಸುಲಭವಲ್ಲ.